ಕಣಗಿನಹಾಳದ ಸಿದ್ಧನಗೌಡರು

ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡುವವರಿಗೆ ಇತರ ಶಾಸ್ತ್ರಗಳ ವಿದ್ಯಾರ್ಥಿಗಳಿಗಿಲ್ಲದ ಒಂದು ತೊಡಕುಂಟು. ರಸಾಯನಶಾಸ್ತ್ರದ ತರಗತಿಗೆ ಬರುವವನು ರಂಜಕದ ವಿಷಯದಲ್ಲಿ ಯಾವ ಅಭಿಪ್ರಾಯವನ್ನೂ ಮನೆಯಿಂದ ಕಟ್ಟಿಕೊಂಡು ಬಂದಿರುವುದಿಲ್ಲ. ಅರ್ಥಶಾಸ್ತ್ರದ ತರಗತಿಗೆ ಬರುವವನಾದರೋ ಬೆಲೆ, ಬಡ್ಡಿ, ಕೂಲಿ, ಲಾಭ ಇವುಗಳ ಬಗೆಗೆ ಸಂತೆಯಲ್ಲಿ ಕೇಳಿದ, ಕಟ್ಟೆಯ ಮೇಲೆ ಕುಳಿತು ವಾದಿಸಿದ ಅಭಿಪ್ರಾಯಗಳ ಗಂಟನ್ನೇ ಹೊತ್ತು ಬರುತ್ತಾನೆ. ಅವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ. ಅರ್ಧ ನಿಜವೇ ಪೂರ್ಣ ಸುಳ್ಳಿಗಿಂತ ಕಠಿಣವಾದುದು. ಏಕೆಂದರೆ ಅದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ.

ಇಂಥ ತಪ್ಪು ತರ್ಕಗಳನ್ನು ಪಠ್ಯಪುಸ್ತಕಗಳು ಹೆಸರಿಟ್ಟು ಪಟ್ಟಿಮಾಡಿ ತಿಳಿಸುತ್ತವೆ. ಆದರೆ ಪಟ್ಟಿಯು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಮನುಷ್ಯನೊಬ್ಬನ ಬಾಳು ಹಾಗೆ ಮರೆಯುವುದಿಲ್ಲ. ಆದಕಾರಣ ನಮ್ಮ ಗದುಗಿನ ನೆಲದವರೇ ಆದ ಒಬ್ಬ ಹಿರಿಯರ ಜೀವಿತವನ್ನು ಮುಂದಿಟ್ಟುಕೊಂಡು, ಅವರು ಬಾಳಿದ ಕಾಲದ ಸಂಗತಿಗಳಲ್ಲಿ ನಮ್ಮ ಶಾಸ್ತ್ರದ ಎಡವುಗಲ್ಲುಗಳು ಎಲ್ಲೆಲ್ಲಿ ಇವೆಯೆಂಬುದನ್ನು ತೋರಿಸಲು ನಾನು ಈ ಲೇಖನದಲ್ಲಿ ಯತ್ನಿಸಿದ್ದೇನೆ. ಆ ಹಿರಿಯರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಗದಗ ತಾಲೂಕಿನ ಕಣಗಿನಹಾಳ ಅವರ ಊರು. 1843ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡ ಅವರು 1905ರಲ್ಲಿ ತಮ್ಮ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷರಾದರು. ಸಹಕಾರಿ ಪಿತಾಮಹರೆಂದು ನಾಡು ಅವರನ್ನು ನೆನೆಯುತ್ತದೆ.

ಅವರು ಹುಟ್ಟಿದಾಗ ಧಾರವಾಡ ಸೀಮೆಯು ಪೇಶ್ವೆಯರ ಕೈತಪ್ಪಿ ಕಂಪನಿ ಸರಕಾರಕ್ಕೆ ಸೇರಿ 25 ವರ್ಷಗಳಾಗಿದ್ದವು. ರೈತವಾರಿ ಪದ್ಧತಿಯಲ್ಲಿ ಪ್ರತಿಯೊಬ್ಬ ಒಕ್ಕಲಿಗನೂ ತನ್ನ ಹೊಲದ ಕಂದಾಯವನ್ನು ನೇರವಾಗಿ ಸರಕಾರಕ್ಕೆ ನಗದು ಹಣದಲ್ಲಿ, ಗೊತ್ತುಮಾಡಿದ ಕಂತಿನಲ್ಲಿ ಸಲ್ಲಿಸಬೇಕಾಗಿದ್ದಿತು. ನಮ್ಮ ಎರೆಭೂಮಿಯ ರೀತಿ ಎಲ್ಲರಿಗೂ ಗೊತ್ತಿದ್ದದ್ದೆ. ಶ್ರಾವಣ ಭಾದ್ರಪದಗಳಲ್ಲಿ ಹತ್ತಿ ಬಿತ್ತಿದರೆ ಅದು ಒಡೆದು ಕೈಗೆ ಬರುವುದು ಶಿವರಾತ್ರಿಯ ಸುಮಾರಿಗೆ. ಬೀಜ, ಎತ್ತು, ಕಳೆಯ ಕೂಲಿ, ಮನೆಯ ಜೋಳ ಇವೆಲ್ಲಕ್ಕೂ ಹಣ ಮೊದಲು ಬೇಕು. ಫಲ ಬರುವುದು ಆರು ತಿಂಗಳ ಮೇಲೆ. ಈ ಆರು ತಿಂಗಳ ಕಂದಕವನ್ನು ದಾಟಿಸುವ ಸಂಕವೇ ಸಾಲ.

ಇಲ್ಲಿಯೇ ಮೊದಲನೆಯ ತಪ್ಪು ಕಾಣುತ್ತದೆ. ರೈತನು ಸಾಲಗಾರನಾಗಿದ್ದಾನೆ, ಆದುದರಿಂದ ಅವನು ದುಂದುಗಾರನಾಗಿರಬೇಕು ಎಂದು ಹೇಳುವ ರೂಢಿ ಹಳೆಯ ಸರಕಾರಿ ವರದಿಗಳಲ್ಲಿಯೂ ಇದ್ದಿತು, ಇಂದಿನ ಚರ್ಚಾಕೂಟಗಳಲ್ಲಿಯೂ ಇದೆ. ಮದುವೆ ತಿಥಿಗಳಿಗೆ ಸಾಲ ಮಾಡಿದವರು ಇದ್ದದ್ದು ನಿಜ. ಆದರೆ ಒಬ್ಬ ಮಿತವ್ಯಯಿಯಾದ ಒಕ್ಕಲಿಗನಿಗೂ ಬಿತ್ತುವ ಕಾಲಕ್ಕೂ ಮಾರುವ ಕಾಲಕ್ಕೂ ನಡುವೆ ಹಣ ಬೇಕೇಬೇಕು. ಊರಿನ ಅಂಗಡಿಕಾರನು ಗದುಗಿನ ಪೇಟೆಯಿಂದ ಮಾಲನ್ನು ಉದ್ದರಿ ತಂದರೆ ಅದನ್ನು ನಾವು ವ್ಯಾಪಾರವೆನ್ನುತ್ತೇವೆ. ರೈತನು ಬೀಜವನ್ನು ಉದ್ದರಿ ತಂದರೆ ಅದನ್ನು ದೌರ್ಬಲ್ಯವೆನ್ನುತ್ತೇವೆ. ಒಂದೇ ಕ್ರಿಯೆಗೆ ಎರಡು ಅಳತೆಗೋಲು ಹಿಡಿಯುವುದು ತರ್ಕವಲ್ಲ.

ಸಿದ್ಧನಗೌಡರ ತಾರುಣ್ಯದಲ್ಲಿ ನಮ್ಮ ಸೀಮೆಯ ಹತ್ತಿಗೆ ಒಂದು ವಿಚಿತ್ರ ಯೋಗ ಒದಗಿತು. ಆಗ ನಮ್ಮಲ್ಲಿ ಎರಡು ಬಗೆಯ ಹತ್ತಿ ಬೆಳೆಯುತ್ತಿದ್ದಿತು. ಒಂದು ಹಿಂದಿನಿಂದ ಬಂದ ನಾಡತಳಿ. ಇನ್ನೊಂದು 1840ರ ದಶಕದಲ್ಲಿ ಅಮೇರಿಕೆಯ ಬೀಜದಿಂದ ಬೆಳೆಸಿದ, ಧಾರವಾಡ ಅಮೇರಿಕನ್ ಎಂದು ಹೆಸರಾದ ತಳಿ. ನಾಡತಳಿಯನ್ನು ಲಿವರ್ಪೂಲಿನ ವ್ಯಾಪಾರಿಗಳು ಕುಮಠಾ ಹತ್ತಿಯೆಂದು ಕರೆಯುತ್ತಿದ್ದರು. ಕುಮಠೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಎರೆಸೀಮೆಯ ಹತ್ತಿಯು ಎತ್ತಿನ ಮೇಲೂ ಗಾಡಿಗಳಲ್ಲಿಯೂ ಸಹ್ಯಾದ್ರಿಯ ಘಟ್ಟವಿಳಿದು ಕುಮಠೆಯ ಬಂದರಿನಲ್ಲಿ ಹಡಗನ್ನೇರುತ್ತಿದ್ದುದರಿಂದ ಬಂದ ಹೆಸರದು. ಹೆಸರನ್ನು ನೋಡಿ ವಸ್ತುವಿನ ಮೂಲವನ್ನು ನಿರ್ಣಯಿಸುವವನು ಇಲ್ಲಿ ಮೋಸಹೋಗುತ್ತಾನೆ. ಅದೇ ರೀತಿಯಾಗಿ, ನಮ್ಮ ಹೊಲದಲ್ಲಿ ಬೆಳೆದುದರ ಬೆಲೆ ನಮ್ಮ ಹೊಲದಲ್ಲಿಯೇ ನಿಶ್ಚಯವಾಗುವುದೆಂದು ತಿಳಿದವನೂ ಮೋಸಹೋಗುತ್ತಾನೆ.

1861ರಲ್ಲಿ ಅಮೇರಿಕೆಯಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ವರೆಗೆ ಇಂಗ್ಲಂಡಿನ ಗಿರಣಿಗಳು ತಮಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚನ್ನು ಅಮೇರಿಕೆಯಿಂದಲೇ ತರಿಸುತ್ತಿದ್ದವು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾದೊಡನೆ ಲ್ಯಾಂಕಶೈರಿನ ಮಗ್ಗಗಳು ಬಾಯ್ದೆರೆದು ಭಾರತದ ಕಡೆಗೆ ನೋಡಿದವು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಆಗ ಸಿದ್ಧನಗೌಡರಿಗೆ ಹದಿನೆಂಟು ವಯಸ್ಸು. 1865ರ ಏಪ್ರಿಲಿನಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಸಮುದ್ರವನ್ನು ತುಂಬಿ ನೆಲಮಾಡುವೆವೆಂದು ಶೇರು ಮಾರಿದ ಕಂಪನಿಗಳು ಮುಳುಗಿದವು. ಅವುಗಳೊಡನೆ ಸಿಕ್ಕಿಬಿದ್ದ ಮುಂಬಯಿ ಬ್ಯಾಂಕು 1868ರಲ್ಲಿ ಬಾಗಿಲು ಮುಚ್ಚಿತು.

ಇದರಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ. ಒಂದು, ಮೇಲಿಂದ ಮೇಲೆ ಕೆಲವು ವರ್ಷ ಏರಿದ ಬೆಲೆಯನ್ನು ಶಾಶ್ವತವೆಂದು ತಿಳಿದು ಆ ಅಂದಾಜಿನ ಮೇಲೆ ಸಾಲಕೊಡುವುದು ಹಾಗೂ ಸಾಲಪಡೆಯುವುದು. ಇನ್ನೊಂದು, ಒಂದರ ಹಿಂದೆ ಒಂದು ಬಂದುದನ್ನು ಕಾರಣ ಮತ್ತು ಕಾರ್ಯವೆಂದು ಬಗೆಯುವುದು. ಹೊಸ ಅಮೇರಿಕನ್ ಬೀಜ ಬಂದಿತು, ಅನಂತರ ಬೆಲೆ ಏರಿತು. ಆದುದರಿಂದ ಬೀಜವೇ ಬೆಲೆಯನ್ನು ಏರಿಸಿತು ಎಂದು ಒಬ್ಬನು ವಾದಿಸಬಹುದಾಗಿದ್ದಿತು. ಆದರೆ ಬೀಜ ಉಳಿದಿದ್ದಂತೆಯೇ ಬೆಲೆ ಇಳಿದುಹೋಯಿತು. ಹೊಲವೂ ಅದೇ, ಬೆವರೂ ಅದೇ. ಬದಲಾದುದು ಹತ್ತು ಸಾವಿರ ಮೈಲುಗಳಾಚೆಯ ಒಂದು ಯುದ್ಧ. ಕಾರಣವನ್ನು ಒಪ್ಪುವ ಮೊದಲು ಆ ಕಾರಣ ಇದ್ದೂ ಕಾರ್ಯ ಇಲ್ಲದ ಸಂದರ್ಭವಿದೆಯೆ ಎಂದು ಹುಡುಕುವುದು ನಮ್ಮ ಶಾಸ್ತ್ರದ ಮೊದಲ ಶಿಸ್ತು.

ಬೆಲೆ ಇಳಿದರೂ ಸಾಲ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ದಂಗೆಯೆದ್ದು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸರಕಾರವು ವಿಚಾರಣೆ ನಡೆಸಿ 1879ರಲ್ಲಿ ದಖ್ಖನದ ಕೃಷಿಕರ ಪರಿಹಾರ ಕಾಯಿದೆಯನ್ನು ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ತಂದಿತು. ನ್ಯಾಯಾಲಯವು ಸಾಲದ ಹಳೆಯ ಲೆಕ್ಕವನ್ನು ಕೆದಕಿ ನೋಡಬಹುದು, ಅನ್ಯಾಯದ ಬಡ್ಡಿಯನ್ನು ತಗ್ಗಿಸಬಹುದು ಎಂಬುದು ಅದರ ತಿರುಳು. ಉದ್ದೇಶವು ನಿಸ್ಸಂಶಯವಾಗಿ ಒಳ್ಳೆಯದು. ಆದರೆ ಸಾಲ ಕೊಟ್ಟವನಿಗೆ ವಸೂಲಿಯ ಭರವಸೆ ಕಡಿಮೆಯಾದಾಗ ಅವನು ಮಾಡುವುದೇನು? ಕೆಲವರು ಸಾಲ ಕೊಡುವುದನ್ನೇ ಕಡಿಮೆ ಮಾಡಿದರು. ಕೆಲವರು ಒತ್ತೆಪತ್ರದ ಬದಲು ಹೊಲದ ಖರೀದಿಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಕಾಯಿದೆಯು ರೈತನ ಕೈಗೆ ಒಂದು ಗುರಾಣಿಯನ್ನು ಕೊಟ್ಟಿತೇ ಹೊರತು ಬಿತ್ತುವ ಕಾಲಕ್ಕೆ ಹಣ ಕೊಡುವ ಇನ್ನೊಂದು ಕೈಯನ್ನು ಸೃಷ್ಟಿಸಲಿಲ್ಲ. ಉದ್ದೇಶವು ಒಳ್ಳೆಯದಾಗಿರುವುದರಿಂದ ಪರಿಣಾಮವೂ ಒಳ್ಳೆಯದೇ ಎಂದು ತೀರ್ಮಾನಿಸುವುದು ಮೂರನೆಯ ತಪ್ಪು. ಕಾಯಿದೆಯ ಮೊದಲ ಫಲ ಕಣ್ಣಿಗೆ ಕಾಣುತ್ತದೆ. ಎರಡನೆಯ ಫಲವನ್ನು ಯೋಚಿಸಿಯೇ ಕಾಣಬೇಕು.

ಇದೇ ದಶಕದಲ್ಲಿ 1876ರಿಂದ 1878ರ ವರೆಗಿನ ಮಹಾಕ್ಷಾಮ ಬಂದಿತು. ಸಿದ್ಧನಗೌಡರು ಆಗ ಮೂವತ್ತು ದಾಟಿದ್ದರು. ಬ್ರಿಟಿಷ್ ಭಾರತದಲ್ಲಿ ಸುಮಾರು 50 ಲಕ್ಷ ಜನ ಈ ಕ್ಷಾಮದಲ್ಲಿ ಅಳಿದರೆಂದು ಅಂದಾಜು. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕಡಿಮೆಯಾಯಿತು. ಈ ಅಂಕೆಯನ್ನು ಉಪಯೋಗಿಸುವಾಗಲೂ ಎಚ್ಚರ ಬೇಕು. ಕಡಿಮೆಯಾದವರೆಲ್ಲರೂ ಸತ್ತವರಲ್ಲ, ಊರು ಬಿಟ್ಟು ಹೋದವರೂ ಅದರಲ್ಲಿದ್ದಾರೆ. ಅಂತೆಯೇ ಹುಟ್ಟಬೇಕಾಗಿದ್ದು ಹುಟ್ಟದ ಮಕ್ಕಳ ಲೆಕ್ಕ ಅದರಲ್ಲಿ ತೆರನಾಗಿ ಕಾಣುವುದಿಲ್ಲ. ಕ್ಷಾಮವೆಂದರೆ ಧಾನ್ಯವಿಲ್ಲದಿರುವುದು ಎಂಬ ಸಾಮಾನ್ಯ ತಿಳುವಳಿಕೆಯೂ ಅರ್ಧ ನಿಜವೇ. ಆ ವರ್ಷಗಳಲ್ಲಿಯೂ ಭಾರತದ ಬಂದರುಗಳಿಂದ ಧಾನ್ಯವು ಹೊರದೇಶಕ್ಕೆ ಹೋಗುತ್ತಲೇ ಇದ್ದಿತು. ಮಳೆ ತಪ್ಪಿದಾಗ ಹೊಲದ ಪೀಕಿನೊಡನೆ ಕೂಲಿಕಾರನ ದುಡಿಮೆಯೂ ಒಣಗುತ್ತದೆ. ಜೋಳದ ಬೆಲೆ ಏರುತ್ತಿರುವಾಗಲೇ ಅದನ್ನು ಕೊಳ್ಳುವ ಶಕ್ತಿ ಇಳಿಯುತ್ತದೆ. ಇಡೀ ದೇಶದ ದಾಸ್ತಾನನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿ ಸಾಕಷ್ಟಿದೆಯೆಂದು ಹೇಳುವವನ ಸರಾಸರಿಯು ಯಾರ ಹೊಟ್ಟೆಯನ್ನೂ ತುಂಬುವುದಿಲ್ಲ.

1884ರಲ್ಲಿ ಗದುಗಿಗೆ ಉಗಿಬಂಡಿ ಬಂದಿತು. ಒಂದು ಕಡೆ ಬಳ್ಳಾರಿಗೂ ಇನ್ನೊಂದು ಕಡೆ ವಿಜಾಪುರದ ಮಾರ್ಗವಾಗಿ ಹೊಟಗಿಗೂ ದಾರಿ ತೆರೆಯಿತು. ಹತ್ತಿಯು ಘಟ್ಟವಿಳಿಯುವ ಕಷ್ಟ ತಪ್ಪಿ ಗದಗು ದೊಡ್ಡ ಪೇಟೆಯಾಯಿತು. ಆದರೆ ಹತ್ತಿಯನ್ನು ಹೊತ್ತು ಹೋದ ಬಂಡಿಯೇ ಗಿರಣಿಯ ಬಟ್ಟೆಯನ್ನು ಹೊತ್ತು ತಂದಿತು. ಹೊಲದವನಿಗೆ ಸಾಗಣೆಯ ವೆಚ್ಚ ಇಳಿದುದು ಲಾಭ. ಬೆಟಗೇರಿಯ ನೇಕಾರನಿಗೆ ಅದೇ ವೆಚ್ಚ ಇಳಿದುದು ಹೊಸ ಸ್ಪರ್ಧೆ. ರೈಲಿನಿಂದ ಊರು ಉದ್ಧಾರವಾಯಿತೆ, ಹಾಳಾಯಿತೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಳುವವನು ಊರನ್ನು ಒಬ್ಬನೇ ಮನುಷ್ಯನೆಂದು ತಿಳಿದಿರುತ್ತಾನೆ. ಯಾರಿಗೆ ಎಂದು ಕೇಳದೆ ಲಾಭನಷ್ಟದ ಮಾತನ್ನಾಡಬಾರದು.

ಇಷ್ಟು ಸಂಗತಿಗಳು ಕಳೆಯುವ ಹೊತ್ತಿಗೆ ಸಿದ್ಧನಗೌಡರು ನಡುಹರೆಯವನ್ನು ದಾಟಿದ್ದರು. 1896ರಲ್ಲಿಯೂ 1899ರಲ್ಲಿಯೂ ಮತ್ತೆ ಬರಗಳು ಬಂದವು. ಅವರು ನಾಡಿಗೆ ಹೆಸರಾದ ಕೆಲಸವನ್ನು ಕೈಕೊಂಡುದು ಅರವತ್ತು ದಾಟಿದ ಮೇಲೆ ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಆ ಕೆಲಸದ ಬೀಜ ಬಂದುದು ಬಹುದೂರದಿಂದ. ಆದುದರಿಂದ ಸ್ವಲ್ಪ ಹೊತ್ತು ಕಣಗಿನಹಾಳವನ್ನು ಬಿಟ್ಟು ಜರ್ಮನಿಗೆ ಹೋಗಿಬರೋಣ.

ಜರ್ಮನಿಯ ರೈನ್ ಪ್ರಾಂತದಲ್ಲಿ ಫ್ರೀಡ್ರಿಷ್ ರೈಫೈಸನ್ ಎಂಬವನಿದ್ದನು. 1818ರಲ್ಲಿ ಹುಟ್ಟಿದ ಅವನು ಕಣ್ಣುಬೇನೆಯಿಂದ ಸೈನ್ಯದ ನೌಕರಿಯನ್ನು ಬಿಟ್ಟು ವೈಯರ್‌ಬುಷ್ ಎಂಬ ಹಳ್ಳಿಗಾಡಿನ ಆಡಳಿತಗಾರನಾದನು. 1846ರ ಚಳಿಗಾಲದಲ್ಲಿ ಹಸಿವು ಬಂದಾಗ ಊರಿನ ಅನುಕೂಲಸ್ಥರನ್ನು ಕೂಡಿಸಿ, ಧಾನ್ಯ ತರಿಸಿ, ರೊಟ್ಟಿ ಸುಡುವ ಭಟ್ಟಿಯನ್ನು ಕಟ್ಟಿಸಿದನು. ಮುಂದೆ ಫ್ಲಾಮರ್ಸ್‌ಫೆಲ್ಡಿನಲ್ಲಿ ಬಡರೈತರಿಗೆ ದನಕೊಳ್ಳಲು ನೆರವಾಗುವ ಸಂಘವನ್ನು ನಡೆಸಿದನು. ಇವೆಲ್ಲವೂ ಉಳ್ಳವರ ದಾನಬುದ್ಧಿಯ ಮೇಲೆ ನಿಂತಿದ್ದವು. ದಾನಬುದ್ಧಿ ಬತ್ತಿದಂತೆ ಸಂಘವೂ ಬತ್ತುವುದನ್ನು ಕಂಡು ಅವನು 1864ರಲ್ಲಿ ಹೆಡ್ಡೆಸ್ಡಾರ್ಫಿನಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿ ಪರಸ್ಪರರ ಸಾಲಕ್ಕೆ ಹೊಣೆಯಾಗುವ ಸಂಘವನ್ನು ಕಟ್ಟಿದನು. 1888ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಆ ಪದ್ಧತಿ ಜರ್ಮನಿಯ ಹಳ್ಳಿಹಳ್ಳಿಗೆ ಹರಡಿದ್ದಿತು. ಮದ್ರಾಸ್ ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನನು ಯುರೋಪಿನ ಕೃಷಿಸಾಲದ ಪದ್ಧತಿಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿಯನ್ನು ಕೊಟ್ಟು ರೈಫೈಸನ್ನನ ದಾರಿಯನ್ನೇ ಹಿಡಿಯಬೇಕೆಂದು ಸೂಚಿಸಿದನು. ಅದರ ಫಲವಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು.

ಮರುವರ್ಷ 1905ರಲ್ಲಿ ಕಣಗಿನಹಾಳದ ಸಂಘ ನೋಂದಣಿಯಾಯಿತು. ಕಾಯಿದೆಯ ನಿಯಮಗಳು ಸರಳವಾಗಿದ್ದವು. ಒಂದೇ ಹಳ್ಳಿಯ ಅಥವಾ ಪಟ್ಟಣದ ಹತ್ತು ಮಂದಿ ಪ್ರಾಪ್ತವಯಸ್ಕರು ಸೇರಿದರೆ ಸಂಘ ಮಾಡಬಹುದು. ಗ್ರಾಮೀಣ ಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲುತನದವರಿರಬೇಕು, ಹೊಣೆಗಾರಿಕೆಗೆ ಮಿತಿಯಿಲ್ಲ, ಲಾಭವನ್ನು ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕು. ಮಿತಿಯಿಲ್ಲದ ಹೊಣೆಯೆಂದರೆ ಸಂಘವು ಸಾಲ ತೀರಿಸಲಾರದೆ ಹೋದರೆ ಸದಸ್ಯನ ಹೊಲಮನೆಗಳೂ ಅದಕ್ಕೆ ಒಳಪಡುತ್ತವೆ. ಇಂಥ ಪತ್ರಕ್ಕೆ ಸಹಿ ಹಾಕಲು ನೆರೆಯವರನ್ನು ಒಪ್ಪಿಸಬೇಕಾದರೆ ಒಪ್ಪಿಸುವವನ ಮಾತಿಗೆ ತೂಕವಿರಬೇಕು. ಅರವತ್ತೆರಡರ ಸಿದ್ಧನಗೌಡರು ಆ ಸಂಘದ ತಲೆಯಾಗಿ ನಿಂತರು.

ಇನ್ನು ಬಡ್ಡಿಯ ಪ್ರಶ್ನೆ. ಸಾವಕಾರನ ಬಡ್ಡಿ ಹೆಚ್ಚಾಗಿರುವುದಕ್ಕೆ ಅವನ ದುರಾಶೆಯೇ ಕಾರಣ ಎಂದು ಪರೀಕ್ಷೆಯ ಉತ್ತರಗಳಲ್ಲಿ ಧಾರಾಳವಾಗಿ ಬರೆಯಲಾಗುತ್ತದೆ. ಒಂದು ಕಲ್ಪಿತ ಲೆಕ್ಕವನ್ನು ಹಾಕಿ ನೋಡೋಣ. ಒಬ್ಬನು 100 ಜನರಿಗೆ ತಲಾ 100 ರೂಪಾಯಿ ಸಾಲ ಕೊಟ್ಟಿದ್ದಾನೆ, ಒಟ್ಟು 10,000. ಅವರಲ್ಲಿ 20 ಜನ ಏನನ್ನೂ ತೀರಿಸಲಿಲ್ಲವೆನ್ನೋಣ. ಉಳಿದ 80 ಜನರಿಂದಲೇ 10,000 ರೂಪಾಯಿ ಬರಬೇಕಾದರೆ ಒಬ್ಬೊಬ್ಬನು 125 ರೂಪಾಯಿ ಕೊಡಬೇಕು. ಕಾಸಿನ ಲಾಭವಿಲ್ಲದೆ, ಬರಿ ಅಸಲು ಕೈಸೇರಲು, ನೂರಕ್ಕೆ 25 ಬಡ್ಡಿಯಾಯಿತು! ಅದೇ, ತಪ್ಪುವವರು ಕೇವಲ 2 ಜನರಾದರೆ ಉಳಿದ 98 ಜನ ತಲಾ 102 ರೂಪಾಯಿಗಿಂತ ಸ್ವಲ್ಪವೇ ಹೆಚ್ಚು ಕೊಟ್ಟರೆ ಸಾಕು. ಒಳ್ಳೆಯ ಸಾಲಗಾರನು ಕೆಟ್ಟ ಸಾಲಗಾರನ ಪಾಲನ್ನೂ ಹೊರುತ್ತಾನೆ. ಬಡ್ಡಿಯ ಒಂದು ಭಾಗವು ಈ ಹೊರೆಯೇ.

ಹಾಗೆಂದು ಸಾವಕಾರನು ಸಂತನೆಂದು ಹೇಳುವುದು ಎದುರು ದಿಕ್ಕಿನ ತಪ್ಪು. ಊರಿಗೆ ಒಬ್ಬನೇ ಸಾಲಕೊಡುವವನಿದ್ದು, ಬಿತ್ತುವ ಹದ ಮೀರುತ್ತಿರುವಾಗ ರೈತನು ಬೇರೆಡೆ ಹೋಗಲಾರದೆ ಇದ್ದಲ್ಲಿ, ನಷ್ಟದ ಹೊರೆಯ ಮೇಲೆ ತನ್ನ ಏಕಸ್ವಾಮ್ಯದ ಬೆಲೆಯನ್ನೂ ಅವನು ಹೇರಬಲ್ಲನು. ಎರಡೂ ಕಾರಣಗಳು ಕೂಡಿಯೇ ಇರುತ್ತವೆ. ಕಣಗಿನಹಾಳದ ಸಂಘದಂಥ ಸಂಸ್ಥೆಯ ಹಿರಿಮೆಯಿರುವುದು ಎರಡಕ್ಕೂ ಒಮ್ಮೆಗೇ ಕೈಹಚ್ಚಿದುದರಲ್ಲಿ. ಯಾರು ಹೊಲಕ್ಕೆ ಗೊಬ್ಬರ ಹಾಕುತ್ತಾನೆ, ಯಾರು ಸಾಲದ ಹಣವನ್ನು ಜಾತ್ರೆಯಲ್ಲಿ ಕಳೆಯುತ್ತಾನೆ ಎಂಬುದು ನೆರೆಯವನಿಗೆ ಖರ್ಚಿಲ್ಲದೆ ಗೊತ್ತಿರುತ್ತದೆ. ಅವನು ಹೊಣೆಗಾರನೂ ಆಗಿದ್ದರೆ ಕಣ್ಣಿಟ್ಟು ನೋಡುತ್ತಾನೆ. ಇದರಿಂದ ತಪ್ಪುವವರು ಕಡಿಮೆಯಾಗುತ್ತಾರೆ. ಸಾಲಕ್ಕೆ ಇನ್ನೊಂದು ಬಾಗಿಲು ತೆರೆದುದರಿಂದ ಏಕಸ್ವಾಮ್ಯವೂ ಸಡಿಲುತ್ತದೆ. ಬೈಗಳಿಂದ ಬಡ್ಡಿ ಇಳಿಯುವುದಿಲ್ಲ. ಅದನ್ನು ಏರಿಸಿದ ಕಾರಣಗಳನ್ನು ಕಡಿಮೆ ಮಾಡಿದರೆ ಇಳಿಯುತ್ತದೆ.

ಬಿಡಿಯಲ್ಲಿ ನಿಜವಾದುದು ಇಡಿಯಲ್ಲಿಯೂ ನಿಜವೆಂದು ತಿಳಿಯುವ ತಪ್ಪು ನಮ್ಮ ಶಾಸ್ತ್ರದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು. ಒಬ್ಬೊಬ್ಬ ರೈತನಿಗೂ ಪೇಟೆಯಲ್ಲಿ ಪತ್ತಿಲ್ಲ, ಆದುದರಿಂದ ಹಳ್ಳಿಗೇ ಪತ್ತಿಲ್ಲ ಎಂಬುದು ಹಳೆಯ ನಂಬಿಕೆ. ಸಂಘವು ಅದನ್ನು ಸುಳ್ಳಾಗಿಸಿತು. ಆದರೆ ಇಲ್ಲಿ ಉತ್ಸಾಹಿಗಳು ಇನ್ನೊಂದು ಮಗ್ಗುಲಿಗೆ ಬೀಳುವ ಸಂಭವವಿದೆ. ಬಡವರು ಒಟ್ಟುಗೂಡಿದ ಮಾತ್ರಕ್ಕೆ ಅಪಾಯವೆಲ್ಲ ಕರಗಿಹೋಗುವುದಿಲ್ಲ. ಒಬ್ಬನ ಎತ್ತು ಸತ್ತರೆ ಉಳಿದವರು ಹೊರಬಲ್ಲರು. ಮಳೆ ತಪ್ಪಿದರೆ? ಮಳೆಯು ಒಬ್ಬನ ಹೊಲಕ್ಕೆ ತಪ್ಪಿ ಪಕ್ಕದವನ ಹೊಲಕ್ಕೆ ಬೀಳುವುದಿಲ್ಲ. ಕಪ್ಪತಗುಡ್ಡದ ಆಚೆಗೂ ಈಚೆಗೂ, ಮುಂಡರಗಿಯಲ್ಲಿಯೂ ಗದುಗಿನಲ್ಲಿಯೂ ಒಂದೇ ವರ್ಷ ಬರ ಬಂದಾಗ ಹೊಣೆ ಹೊತ್ತವರೆಲ್ಲರೂ ಒಟ್ಟಿಗೇ ಬರಿಗೈಯಾಗುತ್ತಾರೆ. ಹೊಣೆಯನ್ನು ಹಂಚಿಕೊಳ್ಳುವುದರಿಂದ ಸಹಾಯವಾಗಬೇಕಾದರೆ ಹಂಚಿಕೊಳ್ಳುವವರ ಕಷ್ಟಗಳು ಬೇರೆ ಬೇರೆ ಕಾಲಕ್ಕೆ ಬರಬೇಕು. ಈ ಕಾರಣದಿಂದಲೇ ರೈಫೈಸನ್ನನು 1872ರಲ್ಲಿ ಹಳ್ಳಿಯ ಸಂಘಗಳ ಮೇಲೆ ಪ್ರಾಂತದ ಬ್ಯಾಂಕೊಂದನ್ನು ಕಟ್ಟಿದನು. ನಮ್ಮಲ್ಲಿಯೂ 1912ರ ಹೊಸ ಕಾಯಿದೆಯು ಕೇಂದ್ರ ಸಂಘಗಳಿಗೆ ಎಡೆಮಾಡಿಕೊಟ್ಟಿತು. ಹಳ್ಳಿಯ ತಿಳುವಳಿಕೆ ಹಳ್ಳಿಯಲ್ಲಿರಬೇಕು. ಮಳೆಯ ಅಪಾಯವು ಹಳ್ಳಿಯಾಚೆಗೆ ಹಂಚಿಹೋಗಬೇಕು.

ಕಣಗಿನಹಾಳದ ಬಳಿಕ ಅದೇ ವರ್ಷ ಬೆಟಗೇರಿಯಲ್ಲಿ ಪಟ್ಟಣದ ಪತ್ತಿನ ಸಹಕಾರಿ ಸಂಘ ಹುಟ್ಟಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, ಅನಂತರ ಗದುಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಬಂದವು. ಇಲ್ಲಿಯೂ ಬಿಡಿ ಇಡಿಗಳ ಪಾಠವುಂಟು. ಸುಗ್ಗಿಯಲ್ಲಿ ಬೆಲೆ ಇಳಿದಿರುವಾಗ ಒಬ್ಬ ರೈತನು ಹತ್ತಿಯನ್ನು ತಡೆದಿಟ್ಟು ಆಷಾಢದಲ್ಲಿ ಮಾರಿದರೆ ಹೆಚ್ಚು ಪಡೆಯಬಹುದು. ಎಲ್ಲರೂ ತಡೆದಿಟ್ಟು ಎಲ್ಲರೂ ಆಷಾಢದಲ್ಲಿಯೇ ತಂದರೆ ಇಳಿಯುವ ಬೆಲೆಯು ಸುಗ್ಗಿಯಿಂದ ಆಷಾಢಕ್ಕೆ ಸರಿದಂತಾಗುತ್ತದೆ, ಅಷ್ಟೆ. ಮಾರಾಟದ ಸಂಘವು ಮಾಡಬಲ್ಲುದು ಸರಿಯಾದ ತೂಕ, ತಳಿಯ ವಿಂಗಡಣೆ, ಬಹಿರಂಗ ಲಿಲಾವು ಮತ್ತು ವರ್ಷದುದ್ದಕ್ಕೂ ಮಾಲನ್ನು ಹದವಾಗಿ ಬಿಡುವುದು. ಲಿವರ್ಪೂಲಿನ ಬೆಲೆಯನ್ನು ಅದು ಆಳಲಾರದು. ಸಂಸ್ಥೆಯಿಂದ ಸಾಧ್ಯವಾದುದನ್ನೂ ಆಗದುದನ್ನೂ ಬೇರ್ಪಡಿಸಿ ತಿಳಿಯುವುದು ಆ ಸಂಸ್ಥೆಗೆ ಮಾಡುವ ಅವಮಾನವಲ್ಲ.

ಆ ಕಾಲದ ನಮ್ಮ ಸೀಮೆಯ ರಾಜಕೀಯ ನಕಾಶೆಯೂ ಒಂದು ಪಾಠವನ್ನು ಹೇಳುತ್ತದೆ. ಗದಗ, ಮುಂಡರಗಿಗಳು ಬ್ರಿಟಿಷ್ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜಕ್ಕೂ ಸೇರಿದ್ದವು. 1904ರ ಕಾಯಿದೆ ಬ್ರಿಟಿಷ್ ಭಾರತದ ಕಾಯಿದೆ. ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸದು. ಒಂದೇ ಎರೆ, ಒಂದೇ ಮಳೆ, ಒಂದೇ ಭಾಷೆ, ನಡುವೆ ಒಂದು ಗಡಿ. ಎರಡೂ ಕಡೆಯ ರೈತರ ಸಾಲವನ್ನು ಹೋಲಿಸಿ ಕಾಯಿದೆಯ ಫಲವನ್ನು ಅಳೆಯಬಹುದಲ್ಲವೆ ಎಂದು ಜಾಣ ವಿದ್ಯಾರ್ಥಿಗೆ ಅನಿಸುತ್ತದೆ. ಪ್ರಶ್ನೆ ಒಳ್ಳೆಯದೆ. ಆದರೆ ಗಡಿಯ ಆಚೆಗೆ ಬದಲಾದುದು ಸಹಕಾರದ ಕಾಯಿದೆಯೊಂದೇ ಅಲ್ಲ. ಕಂದಾಯದ ದರ, ನ್ಯಾಯಾಲಯ, ರೈಲುನಿಲ್ದಾಣದ ದೂರ ಇವೂ ಬೇರೆಯಾಗಿದ್ದವು. ಇತರ ಸಂಗತಿಗಳು ಸಮನಾಗಿದ್ದರೆ ಎಂದು ಅರ್ಥಶಾಸ್ತ್ರಜ್ಞರು ಪ್ರತಿ ಸೂತ್ರಕ್ಕೂ ಹಚ್ಚುವ ಬಾಲವು ಬರಿಯ ಅಲಂಕಾರವಲ್ಲ. ಆ ಬಾಲವನ್ನು ಕತ್ತರಿಸಿದ ಸೂತ್ರವು ಸೂತ್ರವೇ ಅಲ್ಲ.

ಸಿದ್ಧನಗೌಡರ ಮುಪ್ಪಿನ ಕಾಲದಲ್ಲಿ, 1929ರಿಂದ, ಜಗತ್ತಿನ ಮಹಾಮುಗ್ಗಟ್ಟು ಆರಂಭವಾಗಿ ಹತ್ತಿಯ ಬೆಲೆ ಮತ್ತೆ ನೆಲಕಚ್ಚಿತು. ಹದಿಹರೆಯದಲ್ಲಿ ಅಮೇರಿಕೆಯ ಯುದ್ಧದಿಂದ ಬೆಲೆ ಏರಿದುದು, ತೊಂಬತ್ತರ ಅಂಚಿನಲ್ಲಿ ಅಮೇರಿಕೆಯ ಶೇರುಪೇಟೆಯ ಕುಸಿತದ ಬೆನ್ನಿಗೆ ಬೆಲೆ ಇಳಿದುದು, ಎರಡೂ ಅವರ ಒಂದೇ ಬಾಳಿನಲ್ಲಿ ಅಡಕವಾಗಿದ್ದವು. ರೂಪಾಯಿಯಲ್ಲಿ ಬರೆದ ಸಾಲವು ಕಾಗದದ ಮೇಲೆ ಬದಲಾಗದಿದ್ದರೂ, ಬೆಲೆ ಅರ್ಧಕ್ಕಿಳಿದರೆ ಅದನ್ನು ತೀರಿಸಲು ಎರಡು ಪಟ್ಟು ಹತ್ತಿ ಅಳೆಯಬೇಕು. ಹಣದ ಮೊತ್ತಕ್ಕೂ ಅದರ ನಿಜವಾದ ಭಾರಕ್ಕೂ ಇರುವ ಅಂತರವನ್ನು ಅರಿಯಲು ಇದಕ್ಕಿಂತ ಕಠಿಣವಾದ ಪಾಠಶಾಲೆ ಬೇರೆ ಬೇಕೆ? 1933ರಲ್ಲಿ ಅವರು ಕಾಲವಶರಾದರು.

ಅವರ ಸಂಘವನ್ನು ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಅಭಿಮಾನ ಸಹಜ, ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಶಬ್ದದ ಅರ್ಥವನ್ನು ಗೊತ್ತುಪಡಿಸಬೇಕು. ಬಡೋದೆಯಲ್ಲಿ 1889ರಲ್ಲಿಯೇ ಅನ್ಯೋನ್ಯ ಸಹಕಾರಿ ಮಂಡಳಿ ಇದ್ದಿತು; ಮದ್ರಾಸ್ ಪ್ರಾಂತದ ತಿರುವಲ್ಲಿಕ್ಕೇಣಿ ಮತ್ತು ಕಾಂಚೀಪುರಗಳಲ್ಲಿ 1904ರಲ್ಲಿ ಸಂಘಗಳು ಹುಟ್ಟಿದ್ದವು. ಅವು ಪಟ್ಟಣದವು, ಕಣಗಿನಹಾಳದ್ದು ಒಕ್ಕಲಿಗರ ಪತ್ತಿನ ಸಂಘ, ಮುಂಬಯಿ ಪ್ರಾಂತದಲ್ಲಿ ಮೊದಲನೆಯದು. ಹೀಗೆ ನಿಖರವಾಗಿ ಹೇಳಿದರೆ ಗೌಡರ ಕೀರ್ತಿಗೆ ಕುಂದಿಲ್ಲ. ಮೊದಲಿಗರಾದುದಕ್ಕಿಂತ, ಎಪ್ಪತ್ತು ಮಳೆಗಾಲಗಳಲ್ಲಿ ಸಾವಿರಾರು ಜನ ಶಪಿಸಿ ಸುಮ್ಮನಾದ ಸಾಲದ ಸಮಸ್ಯೆಗೆ ಲೆಕ್ಕದಿಂದಲೂ ನಂಬುಗೆಯಿಂದಲೂ ಕೂಡಿದ ಒಂದು ಉಪಾಯವನ್ನು ಹಳ್ಳಿಯಲ್ಲಿ ನೆಲೆನಿಲ್ಲಿಸಿದುದು ದೊಡ್ಡದು.

ಈ ಚರ್ಚೆ ಹಳೆಯ ಚರಿತ್ರೆಯಲ್ಲಿ ಮುಗಿಯುವುದಿಲ್ಲ. 2017 ಮತ್ತು 2018ರಲ್ಲಿ ರಾಜ್ಯ ಸರಕಾರವು ಸಹಕಾರಿ ಸಂಘಗಳ ಬೆಳೆಸಾಲಗಳನ್ನು ಮನ್ನಾ ಮಾಡಿದಾಗ ಪರವಾಗಿಯೂ ವಿರೋಧವಾಗಿಯೂ ಆಡಿದ ಮಾತುಗಳಲ್ಲಿ ಮೇಲೆ ಹೇಳಿದ ತಪ್ಪುಗಳೆಲ್ಲವೂ ಇದ್ದವು. ರೈತರೆಲ್ಲರೂ ಬೇಕೆಂದೇ ತಪ್ಪುವವರು ಎಂದವರು ಮಳೆಯನ್ನು ಮರೆತಿದ್ದರು. ಮನ್ನಾದಿಂದ ಎಲ್ಲರಿಗೂ ಲಾಭವೇ ಎಂದವರು ಬಾಕಿಯಿಲ್ಲದಂತೆ ತೀರಿಸಿದವನನ್ನೂ, ಸಂಘದಲ್ಲಿ ಸಾಲವೇ ಸಿಗದ ಕೂಲಿಕಾರನನ್ನೂ, ಸರಕಾರದ ಹಣ ಬರುವ ವರೆಗೆ ಬರಿದಾಗಿರುವ ಸಂಘದ ತಿಜೋರಿಯನ್ನೂ ಮರೆತಿದ್ದರು. ಮನ್ನಾ ಬೇಕೋ ಬೇಡವೋ ಎಂಬುದು ಮೌಲ್ಯದ ಪ್ರಶ್ನೆ. ಅದಕ್ಕೆ ಅರ್ಥಶಾಸ್ತ್ರವೊಂದೇ ಉತ್ತರ ಕೊಡಲಾರದು. ಯಾರಿಗೆ, ಎಲ್ಲಿಯ ವರೆಗೆ, ಆಮೇಲೆ ಏನು ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಅದು ನಮ್ಮ ಕೈಯಲ್ಲಿ ಕೊಡುತ್ತದೆ.

ರಜೆಯಲ್ಲಿ ಊರಿಗೆ ಹೋಗುವ ಸಹಪಾಠಿಗಳಿಗೆ ನನ್ನದೊಂದು ಸಲಹೆಯಿದೆ. ನಿಮ್ಮ ಊರಿನ ಪತ್ತಿನ ಸಂಘದ ಕಾರ್ಯದರ್ಶಿಗಳನ್ನು ಕೇಳಿ ಸರ್ವಸಾಧಾರಣ ಸಭೆಯ ವರದಿಯನ್ನು ಓದಿರಿ. ಠೇವು ಎಷ್ಟು, ಕಾಯ್ದಿಟ್ಟ ನಿಧಿ ಎಷ್ಟು, ಕೊಟ್ಟ ಸಾಲ ಎಷ್ಟು, ಅವಧಿ ಮೀರಿದ ಬಾಕಿ ಎಷ್ಟು ಎಂಬ ನಾಲ್ಕು ಅಂಕಣಗಳನ್ನು ನೋಡಿರಿ. ಬಾಕಿ ಏರಿದ ವರ್ಷ ಮಳೆ ತಪ್ಪಿದ್ದಿತೆ, ಬೆಲೆ ಬಿದ್ದಿದ್ದಿತೆ, ಆಡಳಿತ ಸಡಿಲಾಗಿದ್ದಿತೆ ಎಂದು ಊರ ಹಿರಿಯರನ್ನು ವಿಚಾರಿಸಿರಿ. ಆ ಅಂಕಣಗಳ ಹಿಂದೆ, 1905ರಲ್ಲಿ ನೆರೆಯವನ ಸಾಲಕ್ಕೆ ತನ್ನ ಹೊಲವನ್ನು ಹೊಣೆಯಾಗಿಟ್ಟು ಸಹಿ ಮಾಡಿದ ಕಣಗಿನಹಾಳದ ಒಕ್ಕಲಿಗರ ಧೈರ್ಯವಿದೆ. ಅವರ ಮುಂದೆ ನಿಂತ ಒಬ್ಬ ಮುದುಕರ ವಿವೇಕವಿದೆ.